ಬೂಷ್ಟನ್ನುಂಡು ಬಾಳುವ ಹೂಗಿಡಗಳು

ಬೂಷ್ಟು ಎಂದ ಕೂಡಲೆ ಬೇಸಾಯಗಾರರ ಮನಸ್ಸಿಗೆ ತೋರುವುದು ನಷ್ಟವೇ. ಜೋಳದ ತೆನೆಯನ್ನು ಕೆಡಿಸುವ ಕಾಡಿಗೆ ರೋಗ, ರಾಗಿ ಬತ್ತಗಳಿಗೆ ತಗಲುವ ಬೆಂಕಿ ರೋಗ, ಗೋಧಿಗೂ ಕಾಫಿಗೂ ಬರುವ ತುಕ್ಕು ಮುಂತಾದುವೆಲ್ಲವೂ ಶಿಲೀಂಧ್ರಗಳೆಂಬ ಜೀವಿಗಳಿಂದ ಉಂಟಾಗುವುವು. ನಾವು ಬೂಷ್ಟು, ಬೂಜು, ಅಣಬೆ ಎಂದು ಬೇರೆಬೇರೆ ಹೆಸರುಗಳಿಂದ ಕರೆಯುವುದೆಲ್ಲವೂ ಈ ವರ್ಗಕ್ಕೆ ಸೇರಿದುದೇ ಆಗಿದೆ. ಮೇಲ್ಕಂಡ ರೋಗಗಳಲ್ಲಿ ಶಿಲೀಂಧ್ರವು ಗಿಡವನ್ನು ತಿಂದು ಬಾಳುತ್ತದೆ. ಇದಕ್ಕೆ ನೇರ ವಿರುದ್ಧವಾಗಿ, ಗಿಡವೇ ಶಿಲೀಂಧ್ರವನ್ನು ಉಂಡು ಬಾಳುವ ಸಂದರ್ಭವೂ ಸೃಷ್ಟಿಯಲ್ಲಿ ಉಂಟೆಂಬುದು ಅನೇಕರಿಗೆ ತಿಳಿಯದ ಸಂಗತಿ. ಅಂತಹ ಗಿಡಗಳಲ್ಲಿ ಅತ್ಯಂತ ವಿಲಕ್ಷಣವಾದುದು ಥಿಸ್ಮಿಯಾ ಎಂಬ ಕುಲ. ಇದು ಹೊಲದ ಬೆಳೆಯಲ್ಲ, ಕಳೆಯೂ ಅಲ್ಲ. ಇದರಿಂದ ಯಾರಿಗೂ ಕಾಸಿನ ಆದಾಯವಿಲ್ಲ. ಆದರೂ ಇದು ಯಾವುದನ್ನು ಉಂಡು ಬಾಳುವುದೋ ಆ ಶಿಲೀಂಧ್ರದ ಬಳಗವೇ ರೈತನ ರಾಗಿ, ಜೋಳ, ತೊಗರಿ, ಈರುಳ್ಳಿಗಳ ಬೇರುಗಳಲ್ಲಿಯೂ ವಾಸಿಸುತ್ತಿರುವುದರಿಂದ, ಇದರ ವೃತ್ತಾಂತವು ವ್ಯವಸಾಯಗಾರರು ತಿಳಿಯತಕ್ಕದ್ದಾಗಿದೆ.

ಗಿಡದ ಸ್ವರೂಪ

ಥಿಸ್ಮಿಯಾ ಕುಲದಲ್ಲಿ ಇದುವರೆಗೆ ಸುಮಾರು ೧೦೦ ಜಾತಿಗಳು ಗುರುತಿಸಲ್ಪಟ್ಟಿವೆ. ಹೊಸ ಜಾತಿಗಳು ಈಗಲೂ ಆಗಾಗ್ಗೆ ಸೇರುತ್ತಲೇ ಇವೆ. ಆಗ್ನೇಯ ಏಷ್ಯದ ಮಳೆಕಾಡುಗಳಲ್ಲಿ ಇವು ಹೆಚ್ಚು. ಸಿಂಹಳ, ದಕ್ಷಿಣ ಚೀನ, ಜಪಾನ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಅಮೆರಿಕ ಮುಂತಾದ ಕಡೆಗಳಲ್ಲಿಯೂ ಕೆಲವು ಜಾತಿಗಳುಂಟು.

ಈ ಗಿಡದಲ್ಲಿ ಹಸುರು ಎಂಬುದೇ ಇಲ್ಲ. ಎಲೆಗಳು ಸಣ್ಣ ಹೊಟ್ಟಿನಂತೆ ಕುಗ್ಗಿಹೋಗಿವೆ. ಬೇರೂ ಬುಡವೂ ವರ್ಷದ ಬಹುಭಾಗ ತರಗೆಲೆಯ ಅಡಿಯಲ್ಲಿ, ಮಣ್ಣಿನ ಮೇಲ್ಪದರದಲ್ಲಿ ಅಡಗಿರುತ್ತವೆ. ಮಳೆ ಹಿಡಿದು ನೆಲವು ಚೆನ್ನಾಗಿ ನೆನೆದ ಕಾಲದಲ್ಲಿ ಮಾತ್ರ ಹೂವು ತರಗನ್ನು ಸರಿಸಿ ಮೇಲೆ ಬರುತ್ತದೆ. ಹೀಗೆ ಮೇಲೆ ಕಾಣುವ ಭಾಗವು ಅನೇಕ ಜಾತಿಗಳಲ್ಲಿ ಒಂದೆರಡು ಅಂಗುಲಕ್ಕೆ ಮೀರದು. ಹೂವಿನ ದಳಗಳು ಬುಡದಲ್ಲಿ ಒಂದುಗೂಡಿ ಸಣ್ಣ ಗಡಿಗೆಯ ಆಕಾರವನ್ನು ತಾಳಿರುತ್ತವೆ. ತುದಿಯಲ್ಲಿ ಆರು ಹಾಳೆಗಳು. ಕೆಲವು ಜಾತಿಗಳಲ್ಲಿ ಒಳಗಿನ ಮೂರು ಹಾಳೆಗಳು ಮೇಲೆ ಕೂಡಿಕೊಂಡು ಗಡಿಗೆಗೆ ಮುಚ್ಚಳವಿಟ್ಟಂತೆ ನಿಲ್ಲುವುವು. ಮತ್ತೆ ಕೆಲವುಗಳಲ್ಲಿ ಹಾಳೆಗಳ ತುದಿಯಿಂದ ಮೀಸೆಯಂತಹ ಎಳೆಗಳು ಹೊರಡುವುವು. ಬಣ್ಣವು ಜಾತಿಗೆ ತಕ್ಕಂತೆ ಬಿಳಿ, ಹಳದಿ, ಕಿತ್ತಳೆ ಅಥವಾ ಕೆಂಪು. ಕತ್ತಲೆಯ ಕಾಡಿನ ನೆಲದಲ್ಲಿ ದೀಪವಿಟ್ಟಂತೆ ತೋರುವುದರಿಂದ ಇಂಗ್ಲೀಷರು ಇವಕ್ಕೆ ಯಕ್ಷಿಣಿಯ ಕಂದೀಲು ಎಂಬ ಅರ್ಥದ ಹೆಸರನ್ನು ಕೊಟ್ಟಿರುವರು.

ಕೇಸರಗಳು ಆರು, ಅವು ಗಡಿಗೆಯ ಕಂಠದಿಂದ ಒಳಮುಖವಾಗಿ ಜೋತುಬಿದ್ದಿರುತ್ತವೆ. ಹಾಂಗ್‌ಕಾಂಗ್ ದ್ವೀಪಪ್ರಾಂತದಲ್ಲಿ ನಡೆದ ಪರಿಶೀಲನೆಯಲ್ಲಿ, ಅಣಬೆಗಳನ್ನು ಆಶ್ರಯಿಸಿ ಬಾಳುವ ಸಣ್ಣ ನೊಣಗಳು ಹೂವಿನೊಳಕ್ಕೆ ಹೊಕ್ಕು ಪರಾಗವನ್ನು ಸಾಗಿಸುವುದು ಕಂಡುಬಂದಿದೆ. ಕಾಯಿಯು ಮಾಗಿದ ಮೇಲೆ ಬಾಯ್ದೆರೆದ ಸಣ್ಣ ಬಟ್ಟಲಿನಂತಾಗುತ್ತದೆ. ಅದರಲ್ಲಿ ಧೂಳಿನಷ್ಟು ನಯವಾದ ಬೀಜಗಳು ತುಂಬಿರುತ್ತವೆ. ಇಷ್ಟು ಸಣ್ಣ ಬೀಜದಲ್ಲಿ ಮೊಳಕೆಗೆ ಬೇಕಾದ ಬುತ್ತಿಯಿಲ್ಲ. ತಕ್ಕ ಶಿಲೀಂಧ್ರದ ಎಳೆಯು ಸಿಕ್ಕಿದರೆ ಮಾತ್ರ ಅದು ಬೆಳೆಯಬಲ್ಲುದು, ಸಿಕ್ಕದಿದ್ದರೆ ವ್ಯರ್ಥವಾಗುವುದು.

ಆಹಾರವು ದೊರೆಯುವ ಬಗೆ

ಸಾಮಾನ್ಯವಾದ ಹಸುರು ಗಿಡವು ಎಲೆಯಲ್ಲಿರುವ ಪತ್ರಹರಿತ್ತಿನ ಸಹಾಯದಿಂದ, ಬಿಸಿಲಿನ ಬಲದಿಂದ, ಗಾಳಿಯ ಇಂಗಾಲಾಮ್ಲವನ್ನೂ ಬೇರಿನ ನೀರನ್ನೂ ಕೂಡಿಸಿ ಸಕ್ಕರೆಯನ್ನು ತಯಾರಿಸಿಕೊಳ್ಳುತ್ತದೆ. ಪತ್ರಹರಿತ್ತಿಲ್ಲದ ಗಿಡಕ್ಕೆ ಈ ಕೆಲಸವು ಸಾಧ್ಯವಿಲ್ಲ. ಮಾವಿನ ಕೊಂಬೆಯ ಮೇಲೆ ಬೆಳೆಯುವ ಬಂದಳಿಕೆಯು ಪರಾವಲಂಬಿಯಾದರೂ ಹಸುರಾಗಿದೆ. ಅದು ಮರದಿಂದ ಮುಖ್ಯವಾಗಿ ನೀರನ್ನೂ ಲವಣಗಳನ್ನೂ ಎಳೆದುಕೊಳ್ಳುತ್ತದೆ. ಹೊಗೆಸೊಪ್ಪಿನ ಬೇರನ್ನು ಕಚ್ಚಿ ಬೆಳೆಯುವ ಹಸುರಿಲ್ಲದ ಕಳೆಯಾದರೋ ತನ್ನ ಆಹಾರವನ್ನೆಲ್ಲ ನೇರವಾಗಿ ಆ ಬೇರಿನಿಂದಲೇ ಹೀರುತ್ತದೆ. ಥಿಸ್ಮಿಯಾ ಈ ಎರಡಕ್ಕೂ ಸೇರಿದುದಲ್ಲ. ಇದರ ಬೇರು ಮತ್ತಾವ ಗಿಡದ ಬೇರನ್ನೂ ಮುಟ್ಟುವುದಿಲ್ಲ. ಇವೆರಡರ ನಡುವೆ ಶಿಲೀಂಧ್ರವೇ ಸೇತುವೆಯಾಗಿರುತ್ತದೆ.

ಕಾಡಿನ ಮರಗಳ ಬೇರುಗಳಲ್ಲಿ ಕೆಲವು ವಿಧದ ಶಿಲೀಂಧ್ರಗಳು ಮನೆಮಾಡಿಕೊಂಡಿರುತ್ತವೆ. ಇವು ಮರಕ್ಕೆ ರೋಗವನ್ನು ತರುವುದಿಲ್ಲ. ಅವುಗಳ ನವುರಾದ ಎಳೆಗಳು ಒಂದು ತುದಿಯಲ್ಲಿ ಬೇರಿನ ಜೀವಕೋಶಗಳೊಳಕ್ಕೆ ಹೊಕ್ಕು ಸಣ್ಣ ಮರದಂತೆ ಕವಲೊಡೆಯುವುವು. ಮತ್ತೊಂದು ತುದಿಯಲ್ಲಿ ಮಣ್ಣಿನೊಳಗೆ ದೂರದೂರಕ್ಕೆ ಹರಡುವುವು. ಮರವು ಶಿಲೀಂಧ್ರಕ್ಕೆ ಸಕ್ಕರೆಯನ್ನೂ ಕೊಬ್ಬಿನಂಶವನ್ನೂ ಕೊಡುತ್ತದೆ. ಶಿಲೀಂಧ್ರವು ಮರಕ್ಕೆ ರಂಜಕ, ಸತು ಮೊದಲಾದ ಲವಣಗಳನ್ನು ತಂದುಕೊಡುತ್ತದೆ. ಇದು ಕೊಟ್ಟು ಕೊಳ್ಳುವ ವ್ಯವಹಾರ. ಥಿಸ್ಮಿಯಾದ ಬೇರಿಗೂ ಇದೇ ಎಳೆಗಳು ಹೊಕ್ಕುತ್ತವೆ. ಅಲ್ಲಿ ಅವು ಜೀವಕೋಶಗಳೊಳಗೆ ಸುರುಳಿ ಸುತ್ತಿಕೊಂಡು, ಕಾಲಕ್ರಮದಲ್ಲಿ ಕುಗ್ಗಿ ಜೀರ್ಣವಾಗಿ, ಗಿಡಕ್ಕೆ ಆಹಾರವಾಗುತ್ತವೆ. ಹೀಗೆ ಮರವು ಬಿಸಿಲಿನಲ್ಲಿ ಮಾಡಿದ ಸಕ್ಕರೆಯು ಶಿಲೀಂಧ್ರದ ಮೂಲಕ, ಬಿಸಿಲನ್ನೇ ಕಾಣದ ಈ ಗಿಡಕ್ಕೆ ಬಂದು ಸೇರುವುದು. ಇದಕ್ಕೆ ಪ್ರತಿಯಾಗಿ ಥಿಸ್ಮಿಯಾ ಸಕ್ಕರೆಯನ್ನು ಕೊಡಲಾರದು. ಆದುದರಿಂದ ಇದನ್ನು ವ್ಯವಹಾರಕ್ಕೆ ಕೂಡಿದ ಪಾಲುಗಾರನೆನ್ನುವುದಕ್ಕಿಂತ ಕರೆಯದೆ ಬಂದು ಪಂಕ್ತಿಯಲ್ಲಿ ಕುಳಿತ ಅತಿಥಿಯೆಂದು ಹೇಳಬಹುದು.

ಈ ಶಿಲೀಂಧ್ರಗಳು ನಾಯಿಕೊಡೆಯಂತೆ ನೆಲದ ಮೇಲೆ ಕೊಡೆಯೆತ್ತುವುವಲ್ಲ. ಇವುಗಳ ಬೀಜಾಣುಗಳು ಮಣ್ಣಿನೊಳಗೇ ಆಗಿ, ಅಲ್ಲಿಯೇ ಉಳಿದು, ಮುಂದಿನ ಬೇರಿಗಾಗಿ ಕಾಯುತ್ತಿರುತ್ತವೆ. ಜೀವಂತವಾದ ಬೇರಿನ ಆಶ್ರಯವಿಲ್ಲದೆ ಇವು ಬಹುಕಾಲ ಬೆಳೆಯಲಾರವು. ಈ ಒಂದು ಅಂಶವನ್ನು ಬೇಸಾಯಗಾರರು ಮುಖ್ಯವಾಗಿ ನೆನಪಿನಲ್ಲಿಡಬೇಕು.

ಈ ಸಂಗತಿಯು ತಿಳಿದುಬಂದ ಕ್ರಮ

ಹಸುರಿಲ್ಲದ ಇಂತಹ ಗಿಡಗಳು ಕೊಳೆತ ಎಲೆಯನ್ನೇ ತಿಂದು ಬಾಳುತ್ತವೆಂದು ಬಹುಕಾಲ ನಂಬಲಾಗಿತ್ತು. ತರಗಿನ ನಡುವೆ ಬೆಳೆಯುವುದನ್ನು ಕಂಡವರಿಗೆ ಹಾಗೆ ತೋರುವುದು ಸಹಜವೇ. ೧೮೮೧ರಲ್ಲಿ ಪೋಲೆಂಡಿನ ಕಾಮಿಯೆನ್ಸ್ಕಿ ಎಂಬ ಸಸ್ಯಶಾಸ್ತ್ರಜ್ಞರು ಚಳಿದೇಶಗಳ ಕಾಡುಗಳಲ್ಲಿ ಬೆಳೆಯುವ ಮೊನೊಟ್ರೋಪ ಎಂಬ ಗಿಡದ ಬೇರನ್ನು ಪರೀಕ್ಷಿಸಿ, ಅದನ್ನು ಶಿಲೀಂಧ್ರವು ಒರೆಯಂತೆ ಮುಚ್ಚಿರುವುದನ್ನೂ, ಗಿಡಕ್ಕೆ ಆಹಾರವು ಅದರ ಮೂಲಕವೇ ಬರಬೇಕೆಂಬುದನ್ನೂ ತಿಳಿಸಿದರು. ತರುವಾಯ ೧೮೮೫ರಲ್ಲಿ ಜರ್ಮನಿಯ ಫ್ರಾಂಕ್ ಎಂಬ ವಿದ್ವಾಂಸರು ಬೇರು ಮತ್ತು ಶಿಲೀಂಧ್ರಗಳ ಈ ಕೂಟಕ್ಕೆ ಮೈಕೊರೈಜ ಎಂಬ ಹೆಸರನ್ನಿಟ್ಟರು. ಶಿಲೀಂಧ್ರಬೇರು ಎಂದು ಅದರ ಅರ್ಥ. ಬೆಲೆಬಾಳುವ ಒಂದು ಜಾತಿಯ ನೆಲದಣಬೆಯನ್ನು ಸಾಗುವಳಿಯಿಂದ ಬೆಳೆಯಬಹುದೇ ಎಂದು ವಿಚಾರಿಸಲು ಪ್ರಷ್ಯ ಸರ್ಕಾರವು ಅವರನ್ನು ನೇಮಿಸಿತ್ತು. ಅಣಬೆಯ ಸಾಗುವಳಿಯು ಕೈಗೂಡಲಿಲ್ಲ. ಆದರೆ ಆ ವಿಚಾರಣೆಯಿಂದ ಸಸ್ಯಶಾಸ್ತ್ರದ ಒಂದು ದೊಡ್ಡ ಸತ್ಯವು ಹೊರಬಿತ್ತು. ೧೯೬೦ರಲ್ಲಿ ಸ್ವೀಡನ್ ದೇಶದ ಬ್ಯೋರ್ಕ್‌ಮನ್ ಎಂಬವರು, ಗುರುತು ಹಿಡಿಯಬಹುದಾದ ವಿಕಿರಣಶೀಲ ಸಕ್ಕರೆಯನ್ನು ಮರಗಳಿಗೆ ಸೇರಿಸಿ, ಅದು ಹತ್ತಿರದ ಮೊನೊಟ್ರೋಪ ಗಿಡಗಳಲ್ಲಿ ಬಂದಿರುವುದನ್ನು ತೋರಿಸಿದ ಪ್ರಯೋಗವನ್ನು ಪ್ರಕಟಿಸಿದರು. ಮರದಿಂದ ಶಿಲೀಂಧ್ರಕ್ಕೂ, ಶಿಲೀಂಧ್ರದಿಂದ ಗಿಡಕ್ಕೂ ಆಹಾರವು ಹರಿಯುವುದೆಂಬುದಕ್ಕೆ ಇದು ಪ್ರಬಲವಾದ ಸಾಕ್ಷ್ಯವಾಯಿತು.

ಥಿಸ್ಮಿಯಾ ಎಂಬ ಹೆಸರಿನ ಚರಿತ್ರೆಯು ವಿನೋದಕರವಾಗಿದೆ. ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯರೂ ಸಸ್ಯಶಾಸ್ತ್ರಜ್ಞರೂ ಆಗಿದ್ದ ವಿಲಿಯಂ ಗ್ರಿಫಿತ್ ಎಂಬವರು, ಈಗ ಮ್ಯಾನ್ಮಾರ್ ಎನಿಸಿರುವ ಬರ್ಮಾ ದೇಶದ ತೆನಸ್ಸೆರಿಂ ಪ್ರಾಂತದಲ್ಲಿ ದೊರೆತ ಗಿಡವನ್ನು ವರ್ಣಿಸಿ, ೧೮೪೪ರಲ್ಲಿ ಈ ಕುಲವನ್ನು ಸ್ಥಾಪಿಸಿದರು. ಸೂಕ್ಷ್ಮದರ್ಶಕ ಯಂತ್ರದಲ್ಲಿ ನಿಪುಣರಾಗಿದ್ದ ಥಾಮಸ್ ಸ್ಮಿತ್ ಎಂಬವರ ಗೌರವಾರ್ಥವಾಗಿ, ಸ್ಮಿತ್ ಎಂಬ ಹೆಸರಿನ ಇಂಗ್ಲೀಷ್ ಅಕ್ಷರಗಳನ್ನು ಹಿಂದುಮುಂದು ಮಾಡಿ ಥಿಸ್ಮಿಯಾ ಎಂದು ಹೆಸರಿಡಲಾಯಿತು.

ಅಪರೂಪತೆಗೆ ಮೂರು ನಿದರ್ಶನಗಳು

ಮರವೂ ಶಿಲೀಂಧ್ರವೂ ತೇವವೂ ನೆರಳೂ ಒಂದೇ ಕಡೆ ಕೂಡಿಬಂದಲ್ಲಿ ಮಾತ್ರ ಬಾಳತಕ್ಕ ಗಿಡವು ಎಲ್ಲೆಲ್ಲಿಯೂ ಇರಲಾರದು. ಎಷ್ಟೋ ಜಾತಿಗಳು ಒಂದೇ ಒಂದು ಸ್ಥಳದಿಂದ ಮಾತ್ರ ತಿಳಿದುಬಂದಿವೆ. ಇದರ ಪರಿಣಾಮವನ್ನು ಮೂರು ಜಾತಿಗಳ ಚರಿತ್ರೆಯಿಂದ ಅರಿಯಬಹುದು.

ಒಂದನೆಯದು ಥಿಸ್ಮಿಯಾ ನೆಪ್ಚುನಿಸ್. ಇಟಲಿ ದೇಶದ ಬೆಕ್ಕಾರಿ ಎಂಬವರು ೧೮೬೬ರಲ್ಲಿ ಬೋರ್ನಿಯೋ ದ್ವೀಪದ ಸರಾವಾಕ್ ಪ್ರಾಂತದ ಮಾತಾಂಗ್ ಬೆಟ್ಟದಲ್ಲಿ ಇದನ್ನು ಕಂಡರು. ೧೮೭೮ರಲ್ಲಿ ಇದರ ವರ್ಣನೆಯು ಪ್ರಕಟವಾಯಿತು. ಅನಂತರ ಯಾರ ಕಣ್ಣಿಗೂ ಬೀಳದೆ, ೧೫೧ ವರ್ಷಗಳ ತರುವಾಯ, ೨೦೧೭ರಲ್ಲಿ ಅದೇ ಬೆಟ್ಟದ ಕಾಡಿನಲ್ಲಿ ಚೆಕ್ ದೇಶದ ಶಾಸ್ತ್ರಜ್ಞರಿಗೆ ಮತ್ತೆ ದೊರೆಯಿತು. ಕಾಡು ಉಳಿದಿತ್ತು; ಗಿಡವೂ ಉಳಿದಿತ್ತು.

ಎರಡನೆಯದು ಥಿಸ್ಮಿಯಾ ಅಮೆರಿಕಾನ. ೧೯೧೨ರಲ್ಲಿ ಚಿಕಾಗೋ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಯಾಗಿದ್ದ ನಾರ್ಮಾ ಫೈಫರ್ ಎಂಬಾಕೆಯು, ಆ ನಗರದ ಕ್ಯಾಲುಮೆಟ್ ಸರೋವರದ ಬಳಿಯ ಹುಲ್ಲುಗಾವಲಿನಲ್ಲಿ ಈ ಸಣ್ಣ ಬಿಳಿಯ ಹೂವನ್ನು ಕಂಡುಹಿಡಿದರು. ಉಷ್ಣದೇಶಗಳ ಮಳೆಕಾಡಿನ ಕುಲವು ಚಿಕಾಗೋವಿನಂತಹ ಚಳಿಯ ಸೀಮೆಯ ಹುಲ್ಲುಗಾವಲಿನಲ್ಲಿ ದೊರೆತುದು ವಿದ್ವಾಂಸರಿಗೆ ಬಹಳ ಆಶ್ಚರ್ಯವನ್ನುಂಟುಮಾಡಿತು. ೧೯೧೪ರಲ್ಲಿ ಇದರ ವರ್ಣನೆಯು ಪ್ರಕಟವಾಯಿತು. ೧೯೧೬ರ ಅನಂತರ ಇದನ್ನು ಕಂಡವರೇ ಇಲ್ಲ. ಆ ಹುಲ್ಲುಗಾವಲು ಕಾರ್ಖಾನೆಗಳ ನೆಲವಾಯಿತು. ಅನೇಕರು ಗುಂಪುಗೂಡಿ ಮಂಡಿಯೂರಿ ಹುಡುಕಿದರೂ ಫಲಿಸದೆ, ಈ ಜಾತಿಯು ನಿರ್ಮೂಲವಾಗಿರಬೇಕೆಂದು ಭಾವಿಸಲ್ಪಟ್ಟಿದೆ.

ಮೂರನೆಯದು ಥಿಸ್ಮಿಯಾ ಕೋಬೆನ್ಸಿಸ್. ೧೯೯೨ರಲ್ಲಿ ಜಪಾನಿನ ಕೋಬೆ ನಗರದಲ್ಲಿ ಇದರ ಒಂದೇ ಒಂದು ಗಿಡವು ದೊರೆಯಿತು. ಆ ಸ್ಥಳವು ಕೈಗಾರಿಕೆಯ ಕಟ್ಟಡಗಳಿಗಾಗಿ ಹಾಳಾಯಿತು. ೨೦೧೮ರಲ್ಲಿ ಇದಕ್ಕೆ ಹೊಸ ಜಾತಿಯೆಂದು ಹೆಸರಿಡುವ ವೇಳೆಗೆ, ಹೆಸರಿಡುವುದಕ್ಕೆ ಮುಂಚೆಯೇ ಗಿಡವು ಅಳಿದುಹೋಯಿತೆಂದು ಎಲ್ಲರೂ ನಂಬಿದ್ದರು. ಆದರೆ ೨೦೨೧ರಲ್ಲಿ ಅಲ್ಲಿಂದ ಸುಮಾರು ೩೦ ಕಿಲೋಮೀಟರು ದೂರದ ಸಾಂಡಾ ಎಂಬಲ್ಲಿ ಇದು ಮತ್ತೆ ಕಂಡುಬಂದಿತು. ಸನಿಹದಲ್ಲಿ ಅಂತಹುದೇ ಮತ್ತೊಂದು ಕಾಡು ಉಳಿದಿದ್ದುದೇ ಇದಕ್ಕೆ ಕಾರಣ.

ಇಂತಹ ಗಿಡವನ್ನು ಅಗೆದು ಬೇರೆಡೆಯಲ್ಲಿ ನೆಟ್ಟು ರಕ್ಷಿಸುವ ಉಪಾಯವು ನಡೆಯತಕ್ಕದ್ದಲ್ಲ. ಅಗೆದ ಕೂಡಲೆ ಶಿಲೀಂಧ್ರದ ಎಳೆಗಳು ಹರಿಯುತ್ತವೆ. ಮರದಿಂದ ಬರುವ ಆಹಾರವು ನಿಲ್ಲುತ್ತದೆ. ಗಿಡವನ್ನು ಉಳಿಸಬೇಕಾದರೆ ಅದರ ಕಾಡನ್ನೇ ಉಳಿಸಬೇಕು.

ಸಹ್ಯಾದ್ರಿಯಲ್ಲಿ ಈ ಬಳಗದ ಗಿಡಗಳು

ಸಿಂಹಳದಲ್ಲಿ ಥಿಸ್ಮಿಯಾ ಗಾರ್ಡ್ನೆರಿಯಾನ ಎಂಬ ಜಾತಿಯಿರುವುದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತಿಳಿದಿತ್ತು. ೧೯೫೧ರಲ್ಲಿ ಕೇರಳದ ಪರಂಬಿಕುಲಂ ಕಾಡಿನಲ್ಲಿ ಇದೇ ಬಳಗದ ಹ್ಯಾಪ್ಲೊಥಿಸ್ಮಿಯಾ ಎಂಬ ಬೇರೊಂದು ಕುಲದ ಗಿಡವು ದೊರೆತು, ೧೯೫೨ರಲ್ಲಿ ವರ್ಣಿಸಲ್ಪಟ್ಟಿತು. ಬಹುಕಾಲ ಕಾಣದೆ ಹೋಗಿದ್ದ ಇದು ಸುಮಾರು ಅರ್ಧ ಶತಮಾನದ ಬಳಿಕ ಮತ್ತೆ ದೊರೆಯಿತು. ೨೦೧೭ರಲ್ಲಿ ಕೇರಳದ ಘಟ್ಟ ಪ್ರದೇಶದಿಂದಲೇ ಥಿಸ್ಮಿಯಾ ಸಹ್ಯಾದ್ರಿಕ ಎಂಬ ಹೊಸ ಜಾತಿಯು ವರ್ಣಿಸಲ್ಪಟ್ಟಿದೆ. ಎಲೆಯೂ ಹಸುರೂ ಇಲ್ಲದ ಎಪಿಪೋಜಿಯಂ ಎಂಬ ಸೀತಾಳೆ ವರ್ಗದ ಗಿಡವೂ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಮಳೆಗಾಲದಲ್ಲಿ ತಲೆಯೆತ್ತುತ್ತದೆ. ಆದರೆ ಅದು ಆಶ್ರಯಿಸಿರುವುದು ಮರದೊಡನೆ ಕೂಡಿದ ಶಿಲೀಂಧ್ರವನ್ನಲ್ಲ, ಕೊಳೆತ ಸೌದೆ ತರಗುಗಳನ್ನು ಕರಗಿಸುವ ಶಿಲೀಂಧ್ರವನ್ನು.

ಬೇಸಾಯಕ್ಕೆ ಇದರ ಸಂಬಂಧ

ಭೂಮಿಯ ಮೇಲಣ ಗಿಡಗಳ ಜಾತಿಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು, ಥಿಸ್ಮಿಯಾ ಉಣ್ಣುವ ಬಗೆಯ ಶಿಲೀಂಧ್ರಗಳೊಡನೆ ಬೇರುಗೂಡಿಕೊಂಡಿವೆಯೆಂದು ವಿದ್ವಾಂಸರ ಅಭಿಪ್ರಾಯ. ರಾಗಿ, ಜೋಳ, ಮುಸುಕಿನ ಜೋಳ, ತೊಗರಿ, ಅವರೆ, ಕಡಲೆ, ಈರುಳ್ಳಿ, ಮೆಣಸಿನಕಾಯಿ, ಮಾವು, ಕಿತ್ತಳೆ, ಕಾಫಿ, ಅಡಕೆ ಇವೆಲ್ಲವೂ ಈ ಗುಂಪಿಗೆ ಸೇರಿವೆ. ಸಾಸಿವೆ, ಎಲೆಕೋಸು, ಮೂಲಂಗಿ, ಬೀಟ್‌ರೂಟ್, ಪಾಲಕ್ ಮಾತ್ರ ಸೇರಿದುವಲ್ಲ.

ಇದರ ಪ್ರಯೋಜನವು ಮುಖ್ಯವಾಗಿ ರಂಜಕದ ವಿಷಯದಲ್ಲಿ ಕಂಡುಬರುತ್ತದೆ. ರಂಜಕವು ಮಣ್ಣಿನಲ್ಲಿ ನೀರಿನೊಡನೆ ಸುಲಭವಾಗಿ ಚಲಿಸುವುದಿಲ್ಲ. ಬೇರಿನ ಸುತ್ತಲೂ ಕೆಲವೇ ಮಿಲಿಮೀಟರಿನಷ್ಟು ಅಗಲದಲ್ಲಿರುವ ರಂಜಕವು ಬೇಗನೆ ತೀರಿಹೋಗುತ್ತದೆ. ಬೇರಿನ ರೋಮಕ್ಕಿಂತಲೂ ಸಣ್ಣದಾದ ಶಿಲೀಂಧ್ರದ ಎಳೆಗಳು ಆ ಬರಡಾದ ವಲಯವನ್ನು ದಾಟಿ, ಅನೇಕ ಸೆಂಟಿಮೀಟರು ದೂರದ ಮಣ್ಣಿನ ಸಂದುಗಳಲ್ಲಿ ನುಗ್ಗಿ, ಅಲ್ಲಿಯ ರಂಜಕವನ್ನು ಬೇರಿಗೆ ತಂದು ಮುಟ್ಟಿಸುವುವು.

ಈ ಎಳೆಗಳು ನಶಿಸಿದರೆ ಆಗುವುದೇನೆಂಬುದಕ್ಕೆ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಪ್ರಾಂತದ ಕಪ್ಪು ಭೂಮಿಯಲ್ಲಿ ಸ್ಪಷ್ಟವಾದ ದೃಷ್ಟಾಂತವಿದೆ. ಅಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ಯಾವ ಬೆಳೆಯೂ ಕಳೆಯೂ ಇಲ್ಲದಂತೆ ಹಸನಾಗಿ ಬೀಳುಬಿಟ್ಟ ಹೊಲಗಳಲ್ಲಿ, ನೀರೂ ಸಾರಜನಕವೂ ಸಾಕಷ್ಟಿದ್ದಾಗ್ಯೂ, ಅಗಸೆ, ಸೂರ್ಯಕಾಂತಿ, ಮುಸುಕಿನ ಜೋಳ ಮೊದಲಾದ ಪೈರುಗಳು ಕುಂಠಿತವಾಗುತ್ತಿದ್ದುವು. ಗಿಡಗಳಲ್ಲಿ ರಂಜಕವೂ ಸತುವೂ ಕೊರತೆಯಾಗಿದ್ದುವು. ಬೇರಿಲ್ಲದ ನೆಲದಲ್ಲಿ ಈ ಶಿಲೀಂಧ್ರಗಳು ಕ್ಷೀಣಿಸಿದುದೇ ಇದಕ್ಕೆ ಕಾರಣವೆಂದು ಥಾಂಪ್ಸನ್ ಎಂಬ ಶಾಸ್ತ್ರಜ್ಞರು ೧೯೮೭ರಲ್ಲಿ ತೋರಿಸಿಕೊಟ್ಟರು. ಭೂಮಿಗೆ ವಿಶ್ರಾಂತಿ ಕೊಟ್ಟೆವೆಂದು ತಿಳಿದಿದ್ದ ರೈತರು, ಅರಿಯದೆ ಭೂಮಿಯ ಕೆಲಸಗಾರರನ್ನು ಉಪವಾಸ ಕೆಡವಿದಂತಾಗಿತ್ತು. ಕರ್ನಾಟಕದ ಎರೆಭೂಮಿಗಳೂ ಕಪ್ಪು ಮಣ್ಣಿನವೇ ಆದುದರಿಂದ ಈ ದೃಷ್ಟಾಂತವು ಇಲ್ಲಿಯವರು ಗಮನಿಸತಕ್ಕದ್ದಾಗಿದೆ.

ರೈತರು ಅನುಸರಿಸತಕ್ಕ ಕ್ರಮಗಳು

೧. ಹೊಲವನ್ನು ಬಹುಕಾಲ ಬರಿದಾಗಿ ಬಿಡಬಾರದು. ಮುಖ್ಯ ಬೆಳೆಯಿಲ್ಲದ ಕಾಲದಲ್ಲಿ ತೇವವಿರುವಷ್ಟು ದಿನ ಹುರುಳಿ, ಅಲಸಂದೆ, ಸೆಣಬು ಇವುಗಳಲ್ಲಿ ಯಾವುದನ್ನಾದರೂ ಎರಚಿದರೆ ಶಿಲೀಂಧ್ರಕ್ಕೆ ಬೇರಿನ ಆಶ್ರಯವೂ ಭೂಮಿಗೆ ಹಸುರು ಗೊಬ್ಬರವೂ ದೊರೆಯುವುವು.

೨. ಅವಶ್ಯವಿಲ್ಲದೆ ಪದೇಪದೇ ಆಳವಾಗಿ ಉಳಬಾರದು. ಪ್ರತಿ ಉಳುಮೆಯಲ್ಲಿಯೂ ಎಳೆಗಳ ಬಲೆಯು ಕತ್ತರಿಸಿಹೋಗುತ್ತದೆ.

೩. ರಂಜಕದ ರಾಸಾಯನಿಕ ಗೊಬ್ಬರವನ್ನು ಮಣ್ಣು ಪರೀಕ್ಷೆಯಿಂದ ತಿಳಿದ ಪ್ರಮಾಣದಲ್ಲಿ ಮಾತ್ರ ಹಾಕಬೇಕು. ಸುಲಭವಾಗಿ ಸಿಕ್ಕುವ ರಂಜಕವು ಹೆಚ್ಚಾದರೆ ಬೇರು ಶಿಲೀಂಧ್ರಕ್ಕೆ ಆಹಾರ ಕೊಡುವುದನ್ನು ಕಡಿಮೆ ಮಾಡುತ್ತದೆ. ಹಣವೂ ವ್ಯರ್ಥ, ಸಹಾಯಕನೂ ದೂರ.

೪. ಕೋಸು, ಮೂಲಂಗಿ, ಸಾಸಿವೆಗಳನ್ನು ಒಂದೇ ಪಾತಿಯಲ್ಲಿ ಬೆಳೆಯ ಮೇಲೆ ಬೆಳೆ ತೆಗೆಯದೆ, ನಡುವೆ ದ್ವಿದಳ ಧಾನ್ಯವನ್ನಾಗಲಿ ರಾಗಿ ಜೋಳಗಳನ್ನಾಗಲಿ ಹಾಕಬೇಕು.

೫. ಹೊಲದ ಕೂಳೆಯನ್ನೂ ತೋಟದ ತರಗನ್ನೂ ಸುಡಬಾರದು. ಬೆಂಕಿಯ ಬಿಸಿಯು ಮೇಲ್ಮಣ್ಣಿನ ಜೀವವನ್ನು ಕೊಲ್ಲುತ್ತದೆ.

೬. ಮಲೆನಾಡಿನಲ್ಲಿ ಅಡಕೆ ತೋಟಕ್ಕಾಗಿ ಸೊಪ್ಪಿನಬೆಟ್ಟದಿಂದ ಸೊಪ್ಪನ್ನೂ ದರಗನ್ನೂ ತರುವ ಪದ್ಧತಿಯು ಹಳೆಯದು, ಉಪಯುಕ್ತವೂ ಹೌದು. ಆದರೆ ವರ್ಷವರ್ಷವೂ ನೆಲ ಕಾಣುವವರೆಗೆ ಗುಡಿಸಿ ತೆಗೆದರೆ ಬೆಟ್ಟದ ಮಣ್ಣು ಒಣಗಿ ಗಟ್ಟಿಯಾಗುವುದು; ಮರಗಳು ಸೊರಗಿ, ಕಡೆಗೆ ತೋಟಕ್ಕೇ ಸೊಪ್ಪು ಇಲ್ಲದಾಗುವುದು. ಬೆಟ್ಟವನ್ನು ಭಾಗಗಳಾಗಿ ವಿಂಗಡಿಸಿ, ಸರದಿಯ ಮೇಲೆ ತರಗನ್ನು ತೆಗೆಯುತ್ತ, ಉಳಿದ ಭಾಗಗಳಿಗೆ ಹೊದಿಕೆಯನ್ನು ಬಿಡುವುದು ಮೇಲು.

೭. ಸಸಿಮಡಿಗಳಲ್ಲಿ ಈ ಶಿಲೀಂಧ್ರದ ಹೆಪ್ಪನ್ನು ಉಪಯೋಗಿಸಬಹುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಬಾಗ್ಯರಾಜ್ ಮೊದಲಾದವರು ಈ ವಿಷಯದಲ್ಲಿ ಬಹುಕಾಲ ಸಂಶೋಧನೆ ನಡೆಸಿರುವರು. ಹೆಪ್ಪು ಬೇರಿಗೆ ತಾಗುವಂತೆ, ಬೀಜದ ಅಥವಾ ಸಸಿಯ ಬುಡದ ಕೆಳಗೆ ಬೀಳಬೇಕು. ಮೇಲೆ ಎರಚಿ ಬಿಸಿಲಿಗೆ ಬಿಟ್ಟರೆ ಪ್ರಯೋಜನವಿಲ್ಲ. ಇದು ಮಣ್ಣಿನಲ್ಲಿರುವ ರಂಜಕವನ್ನು ತಂದುಕೊಡುವುದೇ ಹೊರತು ಹೊಸದಾಗಿ ಸೃಷ್ಟಿಸುವುದಿಲ್ಲ. ಆದುದರಿಂದ ಕೊಟ್ಟಿಗೆ ಗೊಬ್ಬರವನ್ನು ಬಿಡಕೂಡದು.

ಗಿಡವನ್ನು ಕಂಡವರು ಮಾಡಬೇಕಾದುದು

ಥಿಸ್ಮಿಯಾದಂತಹ ಗಿಡಗಳನ್ನು ಮೊದಲು ಕಾಣುವವರು ಅನೇಕ ವೇಳೆ ಕಾಡಿನಲ್ಲಿ ಓಡಾಡುವ ಸಾಮಾನ್ಯ ಜನರೇ ಆಗಿರಬಹುದು. ಸೊಪ್ಪಿಗೆ ಹೋದವರಾಗಲಿ, ದನ ಹುಡುಕಲು ಹೋದವರಾಗಲಿ, ಮಳೆಗಾಲದಲ್ಲಿ ದಟ್ಟವಾದ ನೆರಳಿನ ತರಗಿನ ನಡುವೆ ಎಲೆಯಿಲ್ಲದ, ಹಸುರಿಲ್ಲದ, ಸಣ್ಣ ಗಡಿಗೆಯಂತಹ ಹೂವನ್ನು ಕಂಡರೆ ಅದನ್ನು ಕೀಳಬಾರದು. ಸುತ್ತಲಿನ ತರಗನ್ನು ಕೆದಕಲೂ ಬಾರದು. ಸಾಧ್ಯವಿದ್ದರೆ ಪಕ್ಕದಲ್ಲಿ ಒಂದು ನಾಣ್ಯವನ್ನೋ ಬೆಂಕಿಕಡ್ಡಿಯನ್ನೋ ಅಳತೆಗಾಗಿ ಇಟ್ಟು ಛಾಯಾಚಿತ್ರವನ್ನು ತೆಗೆದುಕೊಂಡು, ದಿನಾಂಕವನ್ನೂ ಸ್ಥಳವನ್ನೂ ಹತ್ತಿರದ ಮರಗಳ ಹೆಸರನ್ನೂ ಬರೆದಿಟ್ಟು, ಅರಣ್ಯ ಇಲಾಖೆಯವರಿಗೋ ಸಮೀಪದ ಕಾಲೇಜಿನ ಸಸ್ಯಶಾಸ್ತ್ರದ ಉಪಾಧ್ಯಾಯರಿಗೋ ತಿಳಿಸಬೇಕು. ಹೂವು ಕೆಲವೇ ದಿನಗಳಲ್ಲಿ ಕೊಳೆತುಹೋಗುವುದರಿಂದ ಈ ಕೆಲಸದಲ್ಲಿ ತಡಮಾಡಬಾರದು. ಕಂಡ ಸ್ಥಳವು ಸೊಪ್ಪಿನಬೆಟ್ಟವಾಗಿದ್ದ ಪಕ್ಷದಲ್ಲಿ, ಆ ವರ್ಷ ಅಷ್ಟು ಭಾಗದ ದರಗನ್ನು ತೆಗೆಯದೆ ಬಿಡುವುದು ಉಚಿತ.